ಎರಡು ಸರ್ವರ್‌ಗಳ ಕ್ಲಸ್ಟರ್: ಟೋಕನ್ ಸಮಯ ಜಾಸ್ತಿ ಮಾಡಬೇಕಾ, ಬೇರೆ ಏನಾದರೂ ಮಾಡಬೇಕಾ?

ಗೋಕುಲರಸ್ತೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯ ಸರ್ವರ್ ಕೆಲಸ ನೋಡಿಕೊಳ್ಳುತ್ತೇನೆ. ಎರಡು ಸರ್ವರ್ ಇವೆ. ಎರಡರಲ್ಲೂ ಆಲ್ಮಾ ಲಿನಕ್ಸ್ 9, ಪೇಸ್‌ಮೇಕರ್ (ಯಾವ ಸೇವೆ ಯಾವ ಸರ್ವರ್‌ನಲ್ಲಿ ಓಡಬೇಕು ಅಂತ ನೋಡುವ ಸಾಫ್ಟ್‌ವೇರ್), ಕೊರೊಸಿಂಕ್ (ಸರ್ವರ್‌ಗಳು ಪರಸ್ಪರ ಮಾತಾಡಲು ಬಳಸುವ ಸಾಫ್ಟ್‌ವೇರ್). ಬಿಲ್ಲಿಂಗ್ ಡೇಟಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಡಿಸ್ಕ್ ಡಿಆರ್‌ಬಿಡಿ ಮೂಲಕ ಇನ್ನೊಂದು ಸರ್ವರ್‌ಗೆ ನಕಲಾಗುತ್ತದೆ.

ರಾತ್ರಿ ಬ್ಯಾಕಪ್ ಓಡುವಾಗ ಆಗಾಗ ಒಂದು ಸರ್ವರ್‌ಗೆ ಇನ್ನೊಂದು ಕಾಣುವುದಿಲ್ಲ. ಲಾಗ್‌ನಲ್ಲಿ ‘ಎ ಪ್ರೊಸೆಸರ್ ಫೇಲ್ಡ್, ಫಾರ್ಮಿಂಗ್ ನ್ಯೂ ಕಾನ್ಫಿಗರೇಶನ್’ ಅಂತ ಬರುತ್ತದೆ. ಕಳೆದ ವಾರ ಬೆಳಿಗ್ಗೆ ನೋಡಿದರೆ ಎರಡೂ ಸರ್ವರ್ ತಾನೇ ಪ್ರೈಮರಿ ಅಂತ ಕೂತಿದ್ದವು. ಎರಡರಲ್ಲೂ ಬೇರೆ ಬೇರೆ ಬಿಲ್ ಸೇರಿದ್ದವು. ಅದನ್ನು ಕೈಯಿಂದ ಒಂದುಗೂಡಿಸಲು ಇಡೀ ದಿನ ಹೋಯಿತು.

ಟೋಕನ್ ಸಮಯವನ್ನು 30000 ಮಿಲಿಸೆಕೆಂಡ್ ಮಾಡೋಣ ಅಂದುಕೊಂಡಿದ್ದೇನೆ. ಸರಿಯಾಗುತ್ತದಾ? ಜೊತೆಗೆ ಮಾಲೀಕರು ಒಂದು ಸರ್ವರನ್ನು ಧಾರವಾಡದ ಬ್ರಾಂಚ್‌ನಲ್ಲಿ ಇಡಿ ಅನ್ನುತ್ತಿದ್ದಾರೆ. ಹಾಗೆ ಮಾಡಿದರೆ ಮೆಂಬರ್‌ಶಿಪ್ ಸೆಟ್ಟಿಂಗ್‌ನಲ್ಲಿ ಏನೇನು ಬದಲಾಗಬೇಕು?

ಕೇಶ್ವಾಪುರ

ನಾನು ಒಂದು ಕಡೆ 10000 ಇಟ್ಟಿದ್ದೇನೆ. ಆಮೇಲೆ ತೊಂದರೆ ಬಂದಿಲ್ಲ. ಒಮ್ಮೆ ಮಾಡಿ ನೋಡಿ.

ಸಪ್ತಾಪುರ

ಸರ್, ಸದ್ಯ ಟೋಕನ್ ಮುಟ್ಟಬೇಡಿ. ನಿಮ್ಮ ಡೇಟಾ ಎರಡು ಪಾಲಾಗಿದ್ದಕ್ಕೂ ಟೋಕನ್ ಸಮಯಕ್ಕೂ ನೇರ ಸಂಬಂಧ ಇಲ್ಲ. ಎರಡು ಬೇರೆ ಬೇರೆ ತೊಂದರೆ ಇವೆ. ಒಂದು, ಇಬ್ಬರ ನಡುವಿನ ಮಾತು ಕಡಿದುಹೋಗುತ್ತಿದೆ. ಎರಡು, ಮಾತು ಕಡಿದ ಮೇಲೆ ಯಾರು ಸುಮ್ಮನಿರಬೇಕು ಅನ್ನುವುದು ತೀರ್ಮಾನವೇ ಆಗಿಲ್ಲ. ಎರಡನೆಯದು ದೊಡ್ಡದು. ಟೋಕನ್ ಎಷ್ಟೇ ಜಾಸ್ತಿ ಮಾಡಿದರೂ ಅದು ಹಾಗೇ ಉಳಿಯುತ್ತದೆ.

ಮೊದಲು ಟೋಕನ್ ಅಂದರೆ ಏನು ಅನ್ನೋದು ಸ್ಪಷ್ಟವಾಗಲಿ. ಕೊರೊಸಿಂಕ್ ಒಳಗೆ ಟೋಟೆಮ್ ಅನ್ನುವ ಪ್ರೋಟೋಕಾಲ್ ಇದೆ. ಸಭೆಯಲ್ಲಿ ಒಂದೇ ಮೈಕ್ ಇದ್ದ ಹಾಗೆ. ಮೈಕ್ ಕೈಗೆ ಬಂದವರು ಮಾತ್ರ ಮಾತಾಡಬೇಕು, ಮುಗಿದ ಮೇಲೆ ಪಕ್ಕದವರಿಗೆ ಕೊಡಬೇಕು. ಆ ಮೈಕ್‌ಗೇ ಟೋಕನ್ ಅಂತ ಹೆಸರು. ಗೊತ್ತುಮಾಡಿದ ಸಮಯದೊಳಗೆ ಅದು ವಾಪಸ್ ಬರದಿದ್ದರೆ ಯಾರೋ ಇಲ್ಲ ಅಂತ ಲೆಕ್ಕ. ಆಗ ಉಳಿದವರು ಸೇರಿ ಹೊಸ ಸದಸ್ಯರ ಪಟ್ಟಿ ಮಾಡುತ್ತಾರೆ. ನಿಮ್ಮ ಲಾಗ್‌ನ ಸಾಲು ಹೇಳುವುದೂ ಇಷ್ಟೇ.

ಈಗ 30000 ಇಟ್ಟರೆ ಏನಾಗುತ್ತದೆ ನೋಡಿ. ಟೋಕನ್ ಹೋಯಿತು ಅಂತ ಗೊತ್ತಾಗಲು 30 ಸೆಕೆಂಡ್. ಆಮೇಲೆ ಕನ್ಸೆನ್ಸಸ್ ಸಮಯ, ಅಂದರೆ ಹೊಸ ಪಟ್ಟಿಗೆ ಉಳಿದವರು ಒಪ್ಪಲು ಕಾಯುವ ಹೊತ್ತು. ನೀವು ಬೇರೆ ಏನೂ ಕೊಡದಿದ್ದರೆ ಅದು ಟೋಕನ್‌ನ 1.2 ಪಟ್ಟು, ಅಂದರೆ 36 ಸೆಕೆಂಡ್. ಎರಡೂ ಸೇರಿ 66 ಸೆಕೆಂಡ್ ಆಯಿತು. ಅದಾದ ಮೇಲೆ ಫೆನ್ಸಿಂಗ್ (ಕೈಗೆ ಸಿಗದ ಸರ್ವರನ್ನು ಬಲವಂತವಾಗಿ ಆಫ್ ಮಾಡುವುದು), ಡಿಸ್ಕ್ ಮೌಂಟ್, ಪೋಸ್ಟ್‌ಗ್ರೆಸ್ ಶುರುವಾಗುವುದು. ಒಂದು ಸರ್ವರ್ ನಿಜವಾಗಿ ಸತ್ತ ದಿನ ಕೌಂಟರ್ ಎದುರು ಗಿರಾಕಿ ನಿಂತಿರುತ್ತಾನೆ, ಸ್ಕ್ರೀನ್ ಅಲ್ಲಾಡುವುದಿಲ್ಲ. ಈಗಿನ ಕೊರೊಸಿಂಕ್ 3.1ರಲ್ಲಿ ಸುಮ್ನೆ ಬಿಟ್ಟರೂ ಟೋಕನ್ 3000 ಇರುತ್ತದೆ. ಹಳೆಯದರಲ್ಲಿ 1000 ಇತ್ತು. 3000ಕ್ಕೆ ಇದೇ ಲೆಕ್ಕ ಹಾಕಿದರೆ 6.6 ಸೆಕೆಂಡ್. ಒಂದೇ ಕೋಣೆಯಲ್ಲಿರುವ ಎರಡು ಸರ್ವರ್‌ಗೆ ಇದು ಧಾರಾಳ ಸಾಕು. ಅಷ್ಟರಲ್ಲೂ ಟೋಕನ್ ಬರುತ್ತಿಲ್ಲ ಅಂದರೆ ದಾರಿಯಲ್ಲೇ ಏನೋ ಕೆಟ್ಟಿದೆ.

ಇಷ್ಟು ಹಾಕಿ: ಕೊರೊಸಿಂಕ್.ಕಾನ್ಫ್ ಫೈಲ್, ಕೊರೊಸಿಂಕ್-ಸಿಎಫ್‌ಜಿಟೂಲ್ ಮೈನಸ್ ಎಸ್ ಕೊಟ್ಟಾಗ ಬರುವುದು, ಸ್ಟೋನಿತ್ (ಪೇಸ್‌ಮೇಕರ್‌ನಲ್ಲಿ ಫೆನ್ಸಿಂಗ್‌ಗೆ ಇರುವ ಹೆಸರು) ಆನ್ ಇದೆಯಾ ಇಲ್ಲವಾ, ತೊಂದರೆಯಾದ ರಾತ್ರಿಯ ಲಾಗ್. ಆಥ್‌ಕೀ ಫೈಲ್ (ಕ್ಲಸ್ಟರ್‌ನ ಗುಟ್ಟಿನ ಕೀ) ಮಾತ್ರ ಎಲ್ಲೂ ಹಾಕಬೇಡಿ.

ಗೋಕುಲರಸ್ತೆ

ಧನ್ಯವಾದ ಮೇಡಂ. ಸೆಟ್ಟಿಂಗ್ ಹೀಗಿದೆ. ಟ್ರಾನ್ಸ್‌ಪೋರ್ಟ್ ಕೆನೆಟ್ (ಕೊರೊಸಿಂಕ್ ಪ್ಯಾಕೆಟ್ ಸಾಗಿಸುವ ವ್ಯವಸ್ಥೆ). ಒಂದೇ ಲಿಂಕ್, ಆಫೀಸ್ ಲ್ಯಾನ್ ಮೇಲೆ. ಕೋರಮ್ (ಕೆಲಸ ನಡೆಸಲು ಬೇಕಾದಷ್ಟು ವೋಟ್) ಭಾಗದಲ್ಲಿ ಪ್ರೊವೈಡರ್ ಕೊರೊಸಿಂಕ್_ವೋಟ್‌ಕೋರಮ್, ಟು_ನೋಡ್: 1. ಪೇಸ್‌ಮೇಕರ್‌ನಲ್ಲಿ ಸ್ಟೋನಿತ್-ಎನೇಬಲ್ಡ್ ಫಾಲ್ಸ್, ನೋ-ಕೋರಮ್-ಪಾಲಿಸಿ ಇಗ್ನೋರ್. ಈ ಎರಡೂ ಮೊದಲು ಸೆಟಪ್ ಮಾಡಿಕೊಟ್ಟವರು ಇಟ್ಟಿದ್ದು.

ಲಾಗ್‌ನಲ್ಲಿ ಬ್ಯಾಕಪ್ ಶುರುವಾದ ಸ್ವಲ್ಪ ಹೊತ್ತಿಗೆ ‘ರಿಟ್ರಾನ್ಸ್‌ಮಿಟ್ ಲಿಸ್ಟ್’ ಅಂತ ಉದ್ದಕ್ಕೆ ಬರುತ್ತದೆ. ಆಮೇಲೆ ‘ಟೋಕನ್ ಹ್ಯಾಸ್ ನಾಟ್ ಬೀನ್ ರಿಸೀವ್ಡ್ ಇನ್ 2250 ಎಂಎಸ್’. ಕೆಲವು ಸಲ ಅಲ್ಲಿಗೇ ನಿಲ್ಲುತ್ತದೆ. ಕೆಲವು ಸಲ ‘ಹೋಸ್ಟ್: 2 ಲಿಂಕ್: 0 ಈಸ್ ಡೌನ್’ ಬಂದು ಪೂರ್ತಿ ಕಡಿಯುತ್ತದೆ. ಇನ್ನೊಂದು ವಿಷಯ: ಕರೆಂಟ್ ಹೋಗಿ ಬಂದಾಗಲೂ ಒಂದೆರಡು ಸಲ ಹೀಗೇ ಆಗಿದೆ. ಸರ್ವರ್‌ಗಳು ಯುಪಿಎಸ್ ಮೇಲಿವೆ, ಅವು ಆಫ್ ಆಗಿರಲಿಲ್ಲ.

ಬೆಟಗೇರಿ

ಗದಗದಿಂದ. ಸ್ವಿಚ್ ಯುಪಿಎಸ್ ಮೇಲೆ ಇದೆಯಾ ನೋಡಿ ಸರ್. ನನಗೆ ಅಲ್ಲೇ ಅನುಮಾನ. ನಮ್ಮ ಪ್ರಿಂಟಿಂಗ್ ಪ್ರೆಸ್‌ನಲ್ಲೂ ಹೀಗೇ ಇತ್ತು. ಸರ್ವರ್‌ಗೆ ಯುಪಿಎಸ್, ಸ್ವಿಚ್‌ಗೆ ಗೋಡೆಯ ಪ್ಲಗ್.

ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಇನ್ನೂ ಒಂದು ಇದೆ. ಹಳೆಯ ಮಾದರಿಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟ್ ಎದ್ದ ಮೇಲೆ 15 ಸೆಕೆಂಡ್ ಕೇಳುತ್ತಾ ಕೂರುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತಾ ಕೂರುತ್ತದೆ. 30 ಸೆಕೆಂಡ್ ತನಕ ಒಂದು ಪ್ಯಾಕೆಟ್ಟೂ ದಾಟುವುದಿಲ್ಲ. ಕೇಬಲ್ ಲೈಟ್ ಮಾತ್ರ ಹಸಿರು ಹತ್ತಿರುತ್ತದೆ. ಸರ್ವರ್ ಕಡೆಯ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ ಕೊಟ್ಟರೆ ಈ ಕಾಯುವಿಕೆ ತಪ್ಪುತ್ತದೆ.

ಇನ್ನೊಂದು ಸಲಹೆ. ಎರಡು ನೆಟ್‌ವರ್ಕ್ ಪೋರ್ಟ್ ಸೇರಿಸಿ ಬಾಂಡ್ ಮಾಡಿಬಿಡಿ. ಕೊರೊಸಿಂಕ್‌ಗೆ ಒಂದೇ ಲಿಂಕ್ ಸಾಕು.

ಸಪ್ತಾಪುರ

ಸ್ವಿಚ್ ವಿಷಯ ಬೆಟಗೇರಿಯವರು ಸರಿಯಾಗಿ ಹಿಡಿದಿದ್ದಾರೆ. ಬಾಂಡ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಎರಡೂ ಕೇಬಲ್ ಅದೇ ಸ್ವಿಚ್‌ಗೆ ಹೋದರೆ ಬಾಂಡ್ ಇದ್ದೂ ಸ್ವಿಚ್ ಜೊತೆಗೇ ಮುಳುಗುತ್ತದೆ. ಬ್ಯಾಕಪ್ ಅದೇ ದಾರಿ ತುಂಬಿದರೆ ಟೋಕನ್ ಮತ್ತೆ ಸಾಲಿನಲ್ಲೇ ನಿಲ್ಲಬೇಕು.

ಅವರ ಲಾಗ್ ಚೆನ್ನಾಗಿ ಮಾತಾಡುತ್ತಿದೆ. ರಿಟ್ರಾನ್ಸ್‌ಮಿಟ್ ಲಿಸ್ಟ್ ಅಂದರೆ ಪ್ಯಾಕೆಟ್ ಕಳೆದುಹೋಗುತ್ತಿವೆ, ಮತ್ತೆ ಕೇಳಿ ತರಿಸಿಕೊಳ್ಳುತ್ತಿದೆ. 2250 ಅನ್ನುವುದು 3000ದ ಶೇಕಡಾ 75. ಅಷ್ಟು ಹೊತ್ತಿಗೆ ಕೊರೊಸಿಂಕ್ ಎಚ್ಚರಿಕೆ ಕೊಡುತ್ತದೆ. ಲಾಗ್‌ನಲ್ಲಿ ‘ಮೇನ್ ಪ್ರೋಸೆಸ್ ವಾಸ್ ನಾಟ್ ಶೆಡ್ಯೂಲ್ಡ್’ ಅನ್ನುವ ಸಾಲು ಇದ್ದಿದ್ದರೆ ಕಥೆ ಬೇರೆ. ಅದು ನೆಟ್‌ವರ್ಕ್ ತೊಂದರೆ ಅಲ್ಲ, ಸರ್ವರ್‌ಗೇ ಉಸಿರು ಕಟ್ಟಿದೆ ಅಂತ ಅರ್ಥ. ವರ್ಚುವಲ್ ಮಷಿನ್‌ಗೆ ಸ್ನ್ಯಾಪ್‌ಶಾಟ್ ತೆಗೆಯುವಾಗ ಹಾಗಾಗುತ್ತದೆ. ಅಂಥ ಕಡೆ ಟೋಕನ್ 10000 ಇಡುವುದು ನ್ಯಾಯ. ಕೇಶ್ವಾಪುರದವರದ್ದು ಬಹುಶಃ ವರ್ಚುವಲ್ ಮಷಿನ್ ಇರಬೇಕು, ಅಲ್ವಾ?

ಹೀಗೆ ಮಾಡಿ. ಎರಡೂ ಸರ್ವರ್‌ನಲ್ಲಿ ಖಾಲಿ ಪೋರ್ಟ್ ಒಂದೊಂದು ಇದ್ದರೆ ಮಧ್ಯೆ ಸ್ವಿಚ್ ಇಲ್ಲದೆ ನೇರ ಒಂದು ಕೇಬಲ್ ಎಳೆಯಿರಿ. ಅದಕ್ಕೆ ಆಫೀಸ್ ಲ್ಯಾನ್‌ಗೆ ಸಂಬಂಧವೇ ಇಲ್ಲದ ಬೇರೆ ಸಬ್‌ನೆಟ್ ಕೊಡಿ. ಒಂದಕ್ಕೆ 10.10.10.1, ಇನ್ನೊಂದಕ್ಕೆ 10.10.10.2. ಡೀಫಾಲ್ಟ್ ಗೇಟ್‌ವೇ ಕೊಡಬೇಡಿ. ಆಮೇಲೆ ಕ್ಲಸ್ಟರ್ ನಡೆಸುವ ಪಿಸಿಎಸ್ ಟೂಲ್‌ನಲ್ಲಿ ‘ಪಿಸಿಎಸ್ ಕ್ಲಸ್ಟರ್ ಲಿಂಕ್ ಆ್ಯಡ್’ ಕೊಟ್ಟು ಪ್ರತಿ ನೋಡ್‌ನ (ಅಂದರೆ ಕ್ಲಸ್ಟರ್‌ನ ಪ್ರತಿ ಸರ್ವರ್‌ನ) ಹೆಸರಿಗೆ ಅದರ ಹೊಸ ವಿಳಾಸ ಸೇರಿಸಿ. ಇದಕ್ಕೆ ಕ್ಲಸ್ಟರ್ ನಿಲ್ಲಿಸಬೇಕಾಗಿಲ್ಲ. ಇರುವ ಲಿಂಕನ್ನೇ ಬದಲಿಸುವ ಅಪ್‌ಡೇಟ್ ಆಜ್ಞೆಗೆ ಮಾತ್ರ ನಿಲ್ಲಿಸಬೇಕು.

ಕೆನೆಟ್‌ನ ಪ್ಯಾಸಿವ್ ಮೋಡ್‌ನಲ್ಲಿ ಒಂದು ಹೊತ್ತಿಗೆ ಒಂದೇ ಲಿಂಕ್ ಕೆಲಸ ಮಾಡುತ್ತದೆ. ಕೆನೆಟ್_ಲಿಂಕ್_ಪ್ರಿಯಾರಿಟಿ ಯಾವುದಕ್ಕೆ ಜಾಸ್ತಿಯೋ ಅದು ಮುಂದೆ. ನೇರ ಕೇಬಲ್‌ಗೆ ಜಾಸ್ತಿ ಕೊಡಿ, ಲ್ಯಾನ್‌ಗೆ ಕಡಿಮೆ. ಕೇಬಲ್ ಕಿತ್ತರೂ ಟೋಕನ್ ಸಮಯ ಮುಗಿಯುವ ಮೊದಲೇ ಮಾತು ಲ್ಯಾನ್‌ಗೆ ಹೊರಳುತ್ತದೆ. ಪಟ್ಟಿಯಿಂದ ಯಾರೂ ಹೊರಬೀಳುವುದಿಲ್ಲ. 2018ರಲ್ಲಿ ಕೊರೊಸಿಂಕ್ 3 ಬಂದಾಗ ಸಿಕ್ಕ ದೊಡ್ಡ ಅನುಕೂಲ ಇದೇ. ಹೀಗೆ ಎಂಟು ಲಿಂಕ್ ತನಕ ಇಡಬಹುದು.

ಫೈರ್‌ವಾಲ್‌ನಲ್ಲಿ ಹೊಸ ಇಂಟರ್‌ಫೇಸ್ ಯಾವ ಝೋನ್‌ಗೆ ಬಿದ್ದಿದೆ ನೋಡಿಕೊಳ್ಳಿ. ಆ ಝೋನ್‌ನಲ್ಲಿ ಹೈ-ಅವೈಲೆಬಿಲಿಟಿ ಸರ್ವಿಸ್ ತೆರೆದಿರಬೇಕು. ಯುಡಿಪಿ 5405ರಿಂದ 5412ರ ತನಕ ಲಿಂಕ್‌ಗಳಿಗೆ, ಟಿಸಿಪಿ 2224 ಪಿಸಿಎಸ್‌ಡಿಗೆ. ಎರಡನೇ ಲಿಂಕ್ ಸೇರಿಸಿ 5405 ಒಂದನ್ನೇ ತೆರೆದರೆ ಆ ಲಿಂಕ್ ಮೇಲೇಳುವುದೇ ಇಲ್ಲ. ಮೊದಲನೆಯದು ಓಡುತ್ತಿರುವುದರಿಂದ ಯಾರಿಗೂ ಗೊತ್ತೂ ಆಗುವುದಿಲ್ಲ. ಹಾಗಾಗಿ ಸಿಎಫ್‌ಜಿಟೂಲ್‌ನಲ್ಲಿ ಎರಡೂ ಲಿಂಕ್ ಕನೆಕ್ಟೆಡ್ ಅಂತ ಎರಡೂ ಸರ್ವರ್‌ನಿಂದ ನೋಡಿಯೇ ಮುಂದೆ ಹೋಗಿ.

ಕೇಶ್ವಾಪುರ

ಹೌದು ಮೇಡಂ, ನಮ್ಮದು ವರ್ಚುವಲ್ ಮಷಿನ್. ರಾತ್ರಿ ಸ್ನ್ಯಾಪ್‌ಶಾಟ್ ಹೊತ್ತಿಗೇ ಆಗುತ್ತಿತ್ತು. ಕಾರಣ ಈಗ ತಿಳಿಯಿತು.

ಬೆಟಗೇರಿ

ನೇರ ಕೇಬಲ್ ಒಪ್ಪಿದೆ. ಡಿಆರ್‌ಬಿಡಿಯನ್ನೂ ಅದರ ಮೇಲೇ ಬಿಟ್ಟರೆ ಟೋಕನ್‌ಗೆ ಮತ್ತೆ ಅದೇ ಗೋಳು ಆಗಲ್ವಾ?

ಸಪ್ತಾಪುರ

ಒಳ್ಳೆಯ ಪ್ರಶ್ನೆ. ದಿನದ ಬಿಲ್ಲಿಂಗ್ ಬರಹ ಒಂದು ಗಿಗಾಬಿಟ್ ದಾರಿ ತುಂಬುವುದಿಲ್ಲ. ತುಂಬುವುದು ಪೂರ್ತಿ ರಿಸಿಂಕ್ (ಇಡೀ ಡಿಸ್ಕ್ ಮತ್ತೆ ನಕಲು) ಆಗುವಾಗ. ರಿಸಿಂಕ್ ವೇಗಕ್ಕೆ ಡಿಆರ್‌ಬಿಡಿಯಲ್ಲೇ ಮಿತಿ ಹಾಕಬಹುದು, ಹಾಕಿ. ಇನ್ನೂ ಎರಡು ಪೋರ್ಟ್ ಖಾಲಿ ಇದ್ದರೆ ಡಿಆರ್‌ಬಿಡಿಗೆ ಬೇರೆ ಕೇಬಲ್ ಕೊಟ್ಟುಬಿಡಿ. ಅದು ಎಲ್ಲಕ್ಕಿಂತ ಚಂದ. ಬ್ಯಾಕಪ್ ಆರ್‌ಸಿಂಕ್ ಆಗಿದ್ದರೆ ಬಿಡಬ್ಲ್ಯೂಲಿಮಿಟ್ ಕೊಟ್ಟು ಅದರ ವೇಗವನ್ನೂ ಹಿಡಿದಿಡಿ.

ಇನ್ನು ದೊಡ್ಡ ವಿಷಯಕ್ಕೆ ಬರುತ್ತೇನೆ.

ಸ್ಟೋನಿತ್ ಫಾಲ್ಸ್ ಇಟ್ಟಿದ್ದಾರಲ್ಲ, ನಿಮ್ಮ ಬಿಲ್ ಎರಡು ಪಾಲಾಗಲು ಅದೇ ಕಾರಣ. ಟು_ನೋಡ್: 1 ಅಂದರೆ ಒಂದೇ ವೋಟ್ ಇದ್ದರೂ ಕೋರಮ್ ಇದೆ ಅಂತ ಒಪ್ಪಿಕೊಂಡ ಹಾಗೆ. ಮಾತು ಕಡಿದ ಕ್ಷಣ ಇಬ್ಬರಿಗೂ ಕೋರಮ್ ಸಿಗುತ್ತದೆ. ಇಬ್ಬರೂ ಡಿಸ್ಕ್ ಹಿಡಿಯಲು ಹೊರಡುತ್ತಾರೆ. ಅವರಲ್ಲಿ ಒಬ್ಬನನ್ನು ಆಫ್ ಮಾಡಿ, ಆಫ್ ಆದದ್ದು ಖಾತ್ರಿಯಾದ ಮೇಲೆಯೇ ಇನ್ನೊಬ್ಬನಿಗೆ ಡಿಸ್ಕ್ ಕೊಡುವ ಕೆಲಸ ಫೆನ್ಸಿಂಗ್‌ನದ್ದು. ಅದನ್ನೇ ತೆಗೆದುಹಾಕಿದರೆ ಟು_ನೋಡ್ ಇಡುವ ಹಕ್ಕೇ ಇಲ್ಲ ಅಂತ ನಾನು ಹೇಳುತ್ತೇನೆ. ನೋ-ಕೋರಮ್-ಪಾಲಿಸಿ ಇಗ್ನೋರ್ ಕೂಡ ಬೇಕಾಗಿಲ್ಲ. ಟು_ನೋಡ್ ಇರುವಾಗ ಕೋರಮ್ ಹೇಗೂ ಹೋಗುವುದಿಲ್ಲ. ಅದನ್ನು ತೆಗೆದು ಸ್ಟಾಪ್‌ಗೆ ವಾಪಸ್ ತನ್ನಿ. ನಾಳೆ ಮೂರನೇ ನೋಡ್ ಸೇರಿಸಿದಾಗ ಆ ಇಗ್ನೋರ್ ಅಲ್ಲೇ ಕೂತಿದ್ದರೆ ಅನಾಹುತ.

ಸರ್ವರ್‌ಗೆ ಐಪಿಎಂಐ (ನೆಟ್‌ವರ್ಕ್ ಮೂಲಕ ಸರ್ವರ್ ಆನ್-ಆಫ್ ಮಾಡುವ ಚಿಪ್) ಇದ್ದರೆ ಫೆನ್ಸ್_ಐಪಿಎಂಐಲ್ಯಾನ್ ಹಾಕಿ. ಪ್ರತಿ ಸರ್ವರ್‌ಗೆ ಒಂದೊಂದು ಡಿವೈಸ್. ಇಬ್ಬರೂ ಒಂದೇ ಕ್ಷಣಕ್ಕೆ ಒಬ್ಬರನ್ನೊಬ್ಬರು ಆಫ್ ಮಾಡಿಕೊಳ್ಳದಿರಲಿ ಅಂತ ಒಂದು ಡಿವೈಸ್‌ಗೆ ಪಿಸಿಎಂಕೆ_ಡಿಲೇ_ಬೇಸ್ 10 ಸೆಕೆಂಡ್ ಕೊಡಿ. ಇಲ್ಲಿ ತುಂಬಾ ಜನ ಉಲ್ಟಾ ಮಾಡುತ್ತಾರೆ. ಯಾವ ಸರ್ವರ್ ಉಳಿಯಬೇಕೋ ಅದನ್ನು ಆಫ್ ಮಾಡುವ ಡಿವೈಸ್‌ಗೆ ಡಿಲೇ ಕೊಡಬೇಕು. ಆಗ ಅದನ್ನು ಹೊಡೆಯಲು ಬಂದವನು 10 ಸೆಕೆಂಡ್ ಕಾಯುತ್ತಾನೆ. ಅಷ್ಟರಲ್ಲಿ ಅವನೇ ಆಫ್ ಆಗಿರುತ್ತಾನೆ.

ಡಿಆರ್‌ಬಿಡಿ ಕಡೆಯೂ ಫೆನ್ಸಿಂಗ್ ರಿಸೋರ್ಸ್-ಆ್ಯಂಡ್-ಸ್ಟೋನಿತ್ ಇರಬೇಕು.

ಬ್ಯಾಡಗಿ

ನಮಸ್ಕಾರ್ರೀ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ನನ್ನದೂ ಎರಡು ಸರ್ವರ್‌ದೇ ಕಥೆ. ಇಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಸೋಮವಾರ, ಗುರುವಾರ ಟೆಂಡರ್ ಇದ್ದ ದಿನ ಚೀಲದ ಮೇಲೆ ಚೀಲ, ಬಿಲ್ ಮೇಲೆ ಬಿಲ್. ಒಂದು ಗುರುವಾರ ಕರೆಂಟ್ ಹೋಗಿ ಎರಡೂ ಸರ್ವರ್ ಮಲಗಿದವು. ಕರೆಂಟ್ ಬಂದ ಮೇಲೆ ಒಂದೇ ಎದ್ದಿತು, ಇನ್ನೊಂದರ ಪವರ್ ಸಪ್ಲೈ ಸುಟ್ಟಿತ್ತು. ಎದ್ದದ್ದೂ ಕೆಲಸ ಶುರು ಮಾಡಲಿಲ್ಲ. ಕೋರಮ್ ಇಲ್ಲ ಅಂತ ಸುಮ್ಮನೆ ಕೂತಿತು. ಟು_ನೋಡ್ ಇದ್ದರೆ ಒಂದೇ ಸಾಕು ಅಂದಿರಲ್ಲ ಅಕ್ಕಾ, ಹಾಗಾದರೆ ಇದು ಯಾಕೆ?

ಸಪ್ತಾಪುರ

ಟು_ನೋಡ್ ಹಾಕಿದ ಕೂಡಲೇ ಅದರ ಜೊತೆ ವೇಟ್_ಫಾರ್_ಆಲ್ ತಾನಾಗೇ ಆನ್ ಆಗುತ್ತದೆ ಅಣ್ಣಾ. ಇಬ್ಬರೂ ಮಲಗಿ ಎದ್ದ ಮೇಲೆ ಒಮ್ಮೆಯಾದರೂ ಒಬ್ಬರ ಮುಖ ಒಬ್ಬರು ನೋಡಬೇಕು. ಅಲ್ಲಿಯ ತನಕ ಕೋರಮ್ ಇಲ್ಲ. ಒಮ್ಮೆ ನೋಡಿದ ಮೇಲೆ ಒಬ್ಬ ಹೋದರೂ ಇನ್ನೊಬ್ಬ ನಡೆಸಿಕೊಂಡು ಹೋಗುತ್ತಾನೆ.

ಅದು ಬೇಕೇ ಬೇಕು. ನಿಮ್ಮಲ್ಲಿ ಎದ್ದ ಸರ್ವರ್‌ಗೆ ಇನ್ನೊಂದರ ಪವರ್ ಸಪ್ಲೈ ಸುಟ್ಟಿದೆ ಅಂತ ಗೊತ್ತಿಲ್ಲ. ನಡುವಿನ ಸ್ವಿಚ್ ಇನ್ನೂ ಏಳದೆ, ಆ ಕಡೆಯದು ಆಗಲೇ ಬಿಲ್ ಹಾಕುತ್ತಿರಬಹುದು ಅಲ್ವಾ? ಅಷ್ಟೇ ಅಲ್ಲ, ಕರೆಂಟ್ ಹೋಗುವಾಗ ಕೊನೆಯ ಬಿಲ್ ಯಾರ ಡಿಸ್ಕ್‌ಗೆ ಸೇರಿತ್ತು ಅನ್ನುವುದೂ ಅದಕ್ಕೆ ಗೊತ್ತಿಲ್ಲ.

ನೀವು ಹೋಗಿ ಕಣ್ಣಾರೆ ನೋಡಿ. ಸುಟ್ಟ ಸರ್ವರ್‌ನ ಪವರ್ ಕೇಬಲ್ ಕಿತ್ತು ಕೆಳಗಿಡಿ. ಆಮೇಲೆ ಪಿಸಿಎಸ್ ಕೋರಮ್ ಅನ್‌ಬ್ಲಾಕ್ ಕೊಡಿ. ಕಾಯುವುದು ಬಿಟ್ಟು ಶುರುವಾಗುತ್ತದೆ. ಫೋನ್‌ನಲ್ಲಿ ಯಾರೋ ‘ಆಫ್ ಇದೆ ಸರ್’ ಅಂದರು ಅಂತ ಆ ಆಜ್ಞೆ ಕೊಡಬೇಡಿ. ವೇಟ್_ಫಾರ್_ಆಲ್ ಅನ್ನು 0 ಮಾಡುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಬೆಟಗೇರಿ

ಎರಡೇ ನೋಡ್ ಇರುವ ಕಡೆ ಆಟೋ_ಟೈ_ಬ್ರೇಕರ್ ಹಾಕಿದರೆ ಈ ತಲೆನೋವು ಇರಲ್ಲ ಅಂತ ಓದಿದ್ದೆ. ಚಿಕ್ಕ ನಂಬರಿನ ನೋಡ್ ಉಳಿಯುತ್ತದಂತೆ.

ಸಪ್ತಾಪುರ

ಉಳಿಯುತ್ತದೆ, ನಿಜ. ಆದರೆ ಆ ಚಿಕ್ಕ ನಂಬರಿನ ನೋಡೇ ಕೆಟ್ಟರೆ? ಇನ್ನೊಂದು ಚೆನ್ನಾಗಿದ್ದೂ ಕೋರಮ್ ಇಲ್ಲದೆ ನಿಲ್ಲುತ್ತದೆ. ಅರ್ಧ ಸಂದರ್ಭಗಳಲ್ಲಿ ಎರಡನೇ ಸರ್ವರ್ ತಂದಿದ್ದೇ ವ್ಯರ್ಥ. ಅದಕ್ಕಿಂತ ಮೂರನೇ ವೋಟ್ ತರುವುದು ಒಳ್ಳೆಯದು. ಇದಕ್ಕೆ ಕ್ಯೂಡಿವೈಸ್ ಅಂತ ಇದೆ. ಧಾರವಾಡದ ಪ್ರಶ್ನೆ ಹೇಗೂ ಬಾಕಿ ಇದೆಯಲ್ಲ, ಅಲ್ಲಿ ಹೇಳುತ್ತೇನೆ.

ಗೋಕುಲರಸ್ತೆ

ನೀವು ಹೇಳಿದಂತೆ ನೇರ ಕೇಬಲ್ ಹಾಕಿದೆ. ಲಿಂಕ್ 1 ಮೊದಲು ಡಿಸ್‌ಕನೆಕ್ಟೆಡ್ ಅಂತಲೇ ಇತ್ತು. ಫೈರ್‌ವಾಲ್ ನೋಡಿದರೆ ಹೊಸ ಪೋರ್ಟ್ ಪಬ್ಲಿಕ್ ಝೋನ್‌ಗೆ ಬಿದ್ದಿತ್ತು. ಸರಿ ಮಾಡಿದ ಮೇಲೆ ಎರಡೂ ಕಡೆಯಿಂದ ಕನೆಕ್ಟೆಡ್. ಬ್ಯಾಕಪ್ ಹೊತ್ತಿಗೆ ರಿಟ್ರಾನ್ಸ್‌ಮಿಟ್ ಸಾಲು ಬರುತ್ತಿಲ್ಲ. ಸ್ವಿಚ್ ನಿಜವಾಗಿಯೂ ಗೋಡೆಯ ಪ್ಲಗ್‌ನಲ್ಲಿತ್ತು, ಈಗ ಯುಪಿಎಸ್‌ಗೆ ಬಂದಿದೆ. ಬೆಟಗೇರಿ ಸರ್‌ಗೆ ಧನ್ಯವಾದ.

ಫೆನ್ಸಿಂಗ್ ಬಗ್ಗೆ ಒಂದು ಸಂದೇಹ. ಐಪಿಎಂಐ ಇದೆ, ಪಾಸ್‌ವರ್ಡ್ ಹುಡುಕಿ ಸೆಟ್ ಮಾಡಿದ್ದೇನೆ. ಪಿಸಿಎಸ್ ಸ್ಟೋನಿತ್ ಫೆನ್ಸ್ ಕೊಟ್ಟರೆ ಸರ್ವರ್ ಆಫ್ ಆಗಿ ಏಳುತ್ತದೆ. ಆದರೆ ಒಂದು ಸರ್ವರ್‌ನ ಪವರ್ ಕೇಬಲ್ಲನ್ನೇ ಕಿತ್ತು ನೋಡಿದೆ. ಆಗ ಇನ್ನೊಂದು ಸರ್ವರ್ ಸೇವೆ ಎತ್ತಿಕೊಳ್ಳದೆ ಕಾಯುತ್ತಾ ಕೂತಿತು.

ಸಪ್ತಾಪುರ

ಕೇಬಲ್ ಕಿತ್ತು ನೋಡಿದಿರಲ್ಲ, ತುಂಬಾ ಒಳ್ಳೆಯದಾಯಿತು. ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ ಪರೀಕ್ಷೆ ಅದು. ಮೇ ತಿಂಗಳ ಗುಡುಗು ಮಳೆಗೆ ಒಂದು ಫೇಸ್ ಹೋದರೂ ಸಾಕು, ಒಂದು ಯುಪಿಎಸ್ ಬರಿದಾದರೂ ಸಾಕು.

ಐಪಿಎಂಐ ಚಿಪ್ ಸರ್ವರ್‌ನ ಒಳಗೇ ಇರುತ್ತದೆ. ಅದಕ್ಕೂ ಅದೇ ಪವರ್ ಸಪ್ಲೈನಿಂದ ಕರೆಂಟ್. ಸರ್ವರ್‌ಗೆ ಪೂರ್ತಿ ಕರೆಂಟ್ ಹೋದರೆ ಚಿಪ್ ಕೂಡ ಸತ್ತಿರುತ್ತದೆ. ಉಳಿದ ಸರ್ವರ್ ‘ಆಫ್ ಆಗಿದ್ದೀಯಾ’ ಅಂತ ಕೇಳಿದರೆ ಉತ್ತರವೇ ಇಲ್ಲ. ಉತ್ತರ ಇಲ್ಲದಿರುವುದನ್ನು ಆಫ್ ಅಂತ ಪೇಸ್‌ಮೇಕರ್ ನಂಬುವುದಿಲ್ಲ. ನಂಬಲೂ ಬಾರದು. ನೆಟ್‌ವರ್ಕ್ ಕೇಬಲ್ ಕಿತ್ತು ಬಂದ ಐಪಿಎಂಐ ಕೂಡ ಹೀಗೇ ಮೌನವಾಗಿರುತ್ತದೆ, ಆಗ ಸರ್ವರ್ ಮಾತ್ರ ಆರಾಮಾಗಿ ಡಿಸ್ಕ್ ಬರೆಯುತ್ತಿರುತ್ತದೆ.

ಇದಕ್ಕೆ ಎರಡು ದಾರಿ. ಒಂದು, ನೆಟ್‌ವರ್ಕ್ ಮೂಲಕ ಆನ್-ಆಫ್ ಮಾಡಬಲ್ಲ ಪಿಡಿಯು, ಅಂದರೆ ಪವರ್ ಸಾಕೆಟ್‌ಗಳ ಬೋರ್ಡ್. ಐಪಿಎಂಐ ಮೊದಲ ಹಂತ, ಅದು ಸೋತರೆ ಪಿಡಿಯು ಎರಡನೇ ಹಂತ ಅಂತ ಪಿಸಿಎಸ್ ಸ್ಟೋನಿತ್ ಲೆವೆಲ್‌ನಲ್ಲಿ ಕೊಡಬಹುದು. ಪಿಡಿಯು ಬೇರೆ ಯುಪಿಎಸ್ ಮೇಲಿದ್ದರೆ ಅದರ ಮಾತು ಉಳಿದ ಸರ್ವರ್‌ಗೆ ಕೇಳಿಸುತ್ತಿರುತ್ತದೆ. ಸರ್ವರ್‌ಗೆ ಎರಡು ಪವರ್ ಸಪ್ಲೈ ಇದ್ದರೆ ಎರಡೂ ಸಾಕೆಟ್ ಆಫ್ ಮಾಡಿದ ಮೇಲೆಯೇ ಆನ್ ಮಾಡುವಂತೆ ಕೊಡಿ. ಒಂದನ್ನು ಆಫ್-ಆನ್ ಮಾಡಿ ಆಮೇಲೆ ಇನ್ನೊಂದನ್ನು ಮಾಡಿದರೆ ಸರ್ವರ್ ಒಂದು ಕ್ಷಣವೂ ನಿಲ್ಲುವುದಿಲ್ಲ.

ಇನ್ನೊಂದು, ವಾಚ್‌ಡಾಗ್ (ಸರ್ವರ್ ಸ್ಪಂದಿಸದಿದ್ದರೆ ಅದನ್ನು ರೀಸೆಟ್ ಮಾಡುವ ಟೈಮರ್) ಜೊತೆ ಎಸ್‌ಬಿಡಿ ಅನ್ನುವ ಪ್ರೋಗ್ರಾಂ. ಕೋರಮ್ ಕಳೆದುಕೊಂಡ ಸರ್ವರ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಇನ್ನೊಂದು ಸರ್ವರ್ ಸ್ಟೋನಿತ್-ವಾಚ್‌ಡಾಗ್-ಟೈಮ್‌ಔಟ್ ಮುಗಿಯುವ ತನಕ ಕಾದು, ಅಷ್ಟರಲ್ಲಿ ಅದು ಸತ್ತೇ ಇರುತ್ತದೆ ಅಂತ ಮುಂದುವರಿಯುತ್ತದೆ. ಇಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಇದಕ್ಕೆ ನಿಜವಾದ ಕೋರಮ್ ಬೇಕು. ಟು_ನೋಡ್ ಇಟ್ಟುಕೊಂಡು, ಹಂಚಿಕೊಂಡ ಡಿಸ್ಕ್ ಇಲ್ಲದೆ ಇದು ನಡೆಯುವುದಿಲ್ಲ. ಮೂರನೇ ವೋಟ್ ಇರಲೇಬೇಕು.

ಹಾವೇರಿಯಿಂದ

ಮೂರು ನೋಡ್ ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮಷಿನ್ ಓಡಿಸುವ ಸಾಫ್ಟ್‌ವೇರ್, ಅದರಲ್ಲೂ ಕೊರೊಸಿಂಕ್ ಇದೆ) ಇದೆ. ಲಿಂಕ್ ಸೇರಿಸಲು ಕೊರೊಸಿಂಕ್.ಕಾನ್ಫ್ ತಿದ್ದಿದರೆ ಒಂದು ನೋಡ್‌ನಲ್ಲಿ ಹೊಸದು, ಉಳಿದದ್ದರಲ್ಲಿ ಹಳೆಯದು. ಏನು ಮಾಡಲಿ?

ಬೆಟಗೇರಿ

ಇಟಿಸಿ ಕೊರೊಸಿಂಕ್ ಒಳಗಿನ ಫೈಲ್ ಮುಟ್ಟಬೇಡಿ. ಇಟಿಸಿ ಪಿವಿಇ ಒಳಗಿನದನ್ನು ನಕಲು ಮಾಡಿ, ನಕಲಲ್ಲಿ ತಿದ್ದಿ. ಕಾನ್ಫಿಗ್_ವರ್ಷನ್ ಒಂದು ಹೆಚ್ಚಿಸಿ. ಆಮೇಲೆ ಎಂವಿ ಆಜ್ಞೆಯಿಂದ ಮೂಲದ ಜಾಗಕ್ಕೆ ಸರಿಸಿ. ಎಲ್ಲಾ ನೋಡ್‌ಗೂ ಅದೇ ಹಂಚಿಕೊಳ್ಳುತ್ತದೆ. ನೇರ ಅಲ್ಲೇ ಎಡಿಟ್ ಮಾಡಿದರೆ ಸೇವ್ ಒತ್ತಿದಾಗಲೆಲ್ಲ ಅರ್ಧಂಬರ್ಧ ಫೈಲ್ ಎಲ್ಲಾ ಕಡೆ ಹೋಗುತ್ತದೆ.

ಸಪ್ತಾಪುರ

ಮೂರು ನೋಡ್ ಇರುವವರು ಒಂದು ಗಮನಿಸಿ. ಟೋಕನ್ 3000 ಅಂತ ಇದ್ದರೂ ನಿಜವಾಗಿ ಓಡುವುದು 3650. ಎರಡಕ್ಕಿಂತ ಜಾಸ್ತಿ ಇರುವ ಪ್ರತಿ ನೋಡ್‌ಗೆ 650 ಸೇರುತ್ತಾ ಹೋಗುತ್ತದೆ. ಐದು ನೋಡ್ ಆದರೆ 4950. ನೋಡ್ ಜಾಸ್ತಿ ಆಯಿತು ಅಂತ ಕೈಯಿಂದ ಟೋಕನ್ ಏರಿಸಬೇಕಾಗಿಲ್ಲ. ಓಡುತ್ತಿರುವ ಸಂಖ್ಯೆ ಕೊರೊಸಿಂಕ್-ಸಿಮ್ಯಾಪ್‌ಸಿಟಿಎಲ್‌ನಲ್ಲಿ ರನ್‌ಟೈಮ್.ಕಾನ್ಫಿಗ್.ಟೋಟೆಮ್.ಟೋಕನ್ ಅಂತ ಸಿಗುತ್ತದೆ.

ಈಗ ಧಾರವಾಡದ ಪ್ರಶ್ನೆ. ಗೋಕುಲರಸ್ತೆ ಸರ್, ಹುಬ್ಬಳ್ಳಿ-ಧಾರವಾಡ ಸುಮಾರು 20 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕಿಗೆ ಒಂದು ಕಿಲೋಮೀಟರ್‌ಗೆ 5 ಮೈಕ್ರೊಸೆಕೆಂಡ್ ಬೇಕು. ಹೋಗಿ ಬರಲು 0.2 ಮಿಲಿಸೆಕೆಂಡ್. ನೇರ ಫೈಬರ್ ಸಿಕ್ಕರೆ ಕ್ಲಸ್ಟರ್‌ಗೆ ಏನೂ ಕಷ್ಟ ಇಲ್ಲ. ಆದರೆ ನಿಮಗೆ ಸಿಗುವುದು ಎರಡು ಬ್ರಾಡ್‌ಬ್ಯಾಂಡ್. ಒಂದೊಂದು ಕಂಪನಿಯದ್ದು ಒಂದೊಂದು ಇದ್ದರೆ, ಗೋಕುಲ ರಸ್ತೆಯಿಂದ ಹೊರಟ ಪ್ಯಾಕೆಟ್ ಬೆಂಗಳೂರಿಗೆ ಹೋಗಿ ಧಾರವಾಡಕ್ಕೆ ಬರಬಹುದು. ಹುಬ್ಬಳ್ಳಿಯಿಂದ ಬೆಂಗಳೂರು 400 ಕಿಲೋಮೀಟರ್‌ಗೂ ಜಾಸ್ತಿ. ಹೋಗಿ ಬರುವ ದಾರಿ 1600 ಕಿಲೋಮೀಟರ್ ದಾಟುತ್ತದೆ. ಬೆಳಕಿಗೇ 8 ಮಿಲಿಸೆಕೆಂಡ್ ಬೇಕು, ರೂಟರ್‌ಗಳ ಲೆಕ್ಕ ಬೇರೆ. ಪ್ರಾಕ್ಸ್‌ಮಾಕ್ಸ್‌ನವರು ಕ್ಲಸ್ಟರ್ ನೆಟ್‌ವರ್ಕ್‌ಗೆ 5 ಮಿಲಿಸೆಕೆಂಡ್‌ಗಿಂತ ಕಡಿಮೆ ಇರಲಿ ಅನ್ನುತ್ತಾರೆ. ಟ್ರೇಸ್‌ರೂಟ್ ಹಾಕಿ ನೋಡಿ, ದಾರಿ ಎಲ್ಲೆಲ್ಲಿ ಸುತ್ತುತ್ತದೆ ಅಂತ ಕಾಣುತ್ತದೆ.

ಟೋಕನ್ ಜಾಸ್ತಿ ಮಾಡಿ ಇದನ್ನೂ ತಡೆದುಕೊಳ್ಳಬಹುದು ಅನ್ನಿಸಬಹುದು. ಆದರೆ ಡಿಆರ್‌ಬಿಡಿ ಪ್ರೋಟೋಕಾಲ್ ಸಿಯಲ್ಲಿ ಪ್ರತಿ ಬರಹವೂ ಆ ಕಡೆ ತಲುಪಿ ಉತ್ತರ ಬರುವ ತನಕ ಕಾಯಬೇಕು. ಬಿಲ್ ಸೇವ್ ಒತ್ತಿದಾಗಲೆಲ್ಲ ಬೆಂಗಳೂರಿಗೆ ಹೋಗಿ ಬರಬೇಕು. ಅದಕ್ಕಿಂತ ದೊಡ್ಡದು ಫೆನ್ಸಿಂಗ್. ಎರಡು ಊರಿನ ನಡುವಿನ ಲೈನ್ ಕಡಿದರೆ ಆ ಊರಿನ ಐಪಿಎಂಐ ಕೂಡ ಕೈಗೆ ಸಿಗುವುದಿಲ್ಲ. ಅಂದರೆ ಫೆನ್ಸಿಂಗ್ ಬೇಕಾದ ಹೊತ್ತಿಗೇ ಅದು ಇರುವುದಿಲ್ಲ.

ನನ್ನ ಮಾತು ಕೇಳುವುದಾದರೆ ಎರಡೂ ಸರ್ವರ್ ಹುಬ್ಬಳ್ಳಿಯಲ್ಲೇ ಇರಲಿ. ಸಾಧ್ಯವಾದರೆ ಬೇರೆ ಕೋಣೆ, ಬೇರೆ ಯುಪಿಎಸ್. ಧಾರವಾಡಕ್ಕೆ ಪೋಸ್ಟ್‌ಗ್ರೆಸ್‌ನ ಅಸಿಂಕ್ (ಆ ಕಡೆಯ ಉತ್ತರಕ್ಕೆ ಕಾಯದ) ನಕಲು ಹೋಗಲಿ, ಕ್ಲಸ್ಟರ್‌ನ ಹೊರಗೆ, ವೈರ್‌ಗಾರ್ಡ್ ವಿಪಿಎನ್ ಮೂಲಕ. ಹುಬ್ಬಳ್ಳಿಯ ಕಟ್ಟಡಕ್ಕೇ ಏನಾದರೂ ಆದರೆ ಮನುಷ್ಯರೇ ಯೋಚಿಸಿ ಧಾರವಾಡವನ್ನು ಎಬ್ಬಿಸಲಿ. ಆ ಹೊತ್ತಿಗೆ ಯಂತ್ರ ತೀರ್ಮಾನ ಮಾಡುವುದು ಬೇಡ.

ಮೂರನೇ ವೋಟ್‌ಗೆ ಮಾತ್ರ ಧಾರವಾಡ ಒಳ್ಳೆಯ ಜಾಗ. ಅಲ್ಲಿ ಒಂದು ಸಣ್ಣ ಮಷಿನ್‌ನಲ್ಲಿ ಕೊರೊಸಿಂಕ್-ಕ್ಯೂನೆಟ್‌ಡಿ (ಕ್ಯೂಡಿವೈಸ್ ಮೂಲಕ ಮೂರನೇ ವೋಟ್ ಕೊಡುವ ಪ್ರೋಗ್ರಾಂ) ಓಡಿಸಿ. ಅದು ಕ್ಲಸ್ಟರ್‌ನ ಸದಸ್ಯ ಅಲ್ಲ, ಟೋಕನ್ ಅದರ ಕಡೆ ಹೋಗುವುದೂ ಇಲ್ಲ. ಟಿಸಿಪಿ 5403ರಲ್ಲಿ ಮಾತಾಡುತ್ತದೆ, ಹಾಗಾಗಿ 20-30 ಮಿಲಿಸೆಕೆಂಡ್ ತಡವಾದರೂ ತೊಂದರೆ ಇಲ್ಲ. ಅಲ್ಗಾರಿದಮ್ ಎಫ್‌ಎಫ್‌ಸ್ಪ್ಲಿಟ್ ಕೊಡಿ. ಮಾತು ಕಡಿದು ಅರ್ಧ-ಅರ್ಧ ಆದಾಗ ಒಂದು ಕಡೆಗೆ ಮಾತ್ರ ತನ್ನ ವೋಟ್ ಕೊಡುತ್ತದೆ. ಒಟ್ಟು ಮೂರು ವೋಟ್, ಕೋರಮ್‌ಗೆ ಎರಡು.

ಗೋಕುಲರಸ್ತೆ

ಟ್ರೇಸ್‌ರೂಟ್ ಹಾಕಿದೆ ಮೇಡಂ. ನೀವು ಹೇಳಿದಂತೆಯೇ ಬೆಂಗಳೂರು ಸುತ್ತಿಯೇ ಬರುತ್ತಿದೆ. ಅದರ ಪ್ರಿಂಟ್ ತೆಗೆದು ಮಾಲೀಕರಿಗೆ ತೋರಿಸಿದೆ. ಚಿಗರಿ ಬಸ್ಸಲ್ಲಿ ಅರ್ಧ-ಮುಕ್ಕಾಲು ಗಂಟೆಯ ದಾರಿಗೆ ಡೇಟಾ ಬೆಂಗಳೂರಿಗೆ ಹೋಗುತ್ತದಾ ಅಂತ ಕೇಳಿದರು. ಎರಡೂ ಸರ್ವರ್ ಇಲ್ಲೇ ಇಡಲು ಒಪ್ಪಿದ್ದಾರೆ, ಧಾರವಾಡಕ್ಕೆ ನಕಲು. ಕ್ಯೂನೆಟ್‌ಡಿಗೆ ಬ್ರಾಂಚ್‌ನ ಹಳೆಯ ಡೆಸ್ಕ್‌ಟಾಪ್ ಸಿಕ್ಕಿದೆ.

ಎರಡು ಪ್ರಶ್ನೆ ಉಳಿದಿವೆ. ಕ್ಯೂಡಿವೈಸ್ ಸೇರಿಸಿದ ಮೇಲೆ ಟು_ನೋಡ್ ನಾನೇ ತೆಗೆಯಬೇಕಾ? ಧಾರವಾಡದಲ್ಲಿ ಕರೆಂಟ್ ಹೋಗಿ ಆ ಡೆಸ್ಕ್‌ಟಾಪ್ ಆಫ್ ಆದರೆ ಹುಬ್ಬಳ್ಳಿಯ ಬಿಲ್ಲಿಂಗ್ ನಿಲ್ಲುತ್ತದಾ?

ಬ್ಯಾಡಗಿ

ಒಂದೇ ಕ್ಯೂನೆಟ್‌ಡಿಯಲ್ಲಿ ಬೇರೆಯವರ ಕ್ಲಸ್ಟರ್‌ಗೂ ವೋಟ್ ಕೊಡಬಹುದಾ ಅಕ್ಕಾ? ಬೆಟಗೇರಿಯವರು ಒಪ್ಪಿದರೆ ನಮ್ಮದಕ್ಕೆ ಗದಗದಲ್ಲೇ ಇಡಬಹುದಿತ್ತು.

ಸಪ್ತಾಪುರ

ಪಿಸಿಎಸ್ ಕೋರಮ್ ಡಿವೈಸ್ ಆ್ಯಡ್ ಮೂಲಕ ಸೇರಿಸಿದರೆ ಟು_ನೋಡ್ ತಾನಾಗೇ ಹೋಗುತ್ತದೆ. ಫೈಲ್ ಕೈಯಿಂದ ತಿದ್ದುವವರು ಮಾತ್ರ ನೆನಪಿಟ್ಟು ತೆಗೆಯಬೇಕು. ಸೇರಿಸಿದ ಮೇಲೆ ಕೊರೊಸಿಂಕ್-ಕೋರಮ್‌ಟೂಲ್‌ನಲ್ಲಿ ಎಕ್ಸ್‌ಪೆಕ್ಟೆಡ್ ವೋಟ್ಸ್ 3, ಕೋರಮ್ 2 ಅಂತ ಇದೆಯಾ ನೋಡಿ. ಫ್ಲ್ಯಾಗ್ಸ್ ಸಾಲಿನಲ್ಲಿ ಕ್ಯೂಡಿವೈಸ್ ಇರಬೇಕು, 2ನೋಡ್ ಇರಬಾರದು.

ಧಾರವಾಡದ ಡೆಸ್ಕ್‌ಟಾಪ್ ಒಂದೇ ಆಫ್ ಆದರೆ ಬಿಲ್ಲಿಂಗ್ ನಿಲ್ಲುವುದಿಲ್ಲ. ಹುಬ್ಬಳ್ಳಿಯ ಎರಡು ವೋಟ್ ಇದ್ದೇ ಇವೆ. ಅದು ಆಫ್ ಇರುವಾಗಲೇ ಹುಬ್ಬಳ್ಳಿಯಲ್ಲೂ ಒಂದು ಸರ್ವರ್ ಹೋದರೆ ಉಳಿದದ್ದು ಒಂದು ವೋಟ್, ಆಗ ನಿಲ್ಲುತ್ತದೆ. ಅದಕ್ಕೇ ಆ ಡೆಸ್ಕ್‌ಟಾಪ್ ಮೇಲೂ ಒಂದು ಕಣ್ಣಿರಲಿ. ಕರೆಂಟ್ ಬಂದ ಕೂಡಲೇ ತಾನಾಗೇ ಆನ್ ಆಗುವಂತೆ ಬಯೋಸ್‌ನಲ್ಲಿ ಕೊಡಿ. ಕ್ಯೂಡಿವೈಸ್ ಸಂಪರ್ಕ ತಪ್ಪಿದರೆ ನಿಮ್ಮ ಫೋನ್‌ಗೆ ಮೆಸೇಜ್ ಬರುವಂತೆ ಮಾಡಿ.

ಇದೆಲ್ಲ ಆದ ಮೇಲೆ ಒಂದು ಭಾನುವಾರ ಅಂಗಡಿ ಮುಚ್ಚಿರುವಾಗ ಕೂತು ಪರೀಕ್ಷೆ ಮಾಡಿ. ನೇರ ಕೇಬಲ್ ಮಾತ್ರ ಕೀಳಿ, ಸದಸ್ಯರ ಪಟ್ಟಿ ಅಲ್ಲಾಡಬಾರದು. ಲ್ಯಾನ್ ಕೇಬಲ್ಲನ್ನೂ ಕೀಳಿ, ಒಂದು ಸರ್ವರ್ ಆಫ್ ಆಗಲೇಬೇಕು. ಪವರ್ ಕೀಳಿ, ಇನ್ನೊಂದು ಎತ್ತಿಕೊಳ್ಳಬೇಕು. ಪ್ರತಿ ಸಲವೂ ಗಡಿಯಾರ ನೋಡಿ ಎಷ್ಟು ಸೆಕೆಂಡ್ ಆಯಿತು ಅಂತ ಬರೆದಿಡಿ. ಮಾಲೀಕರು ಕೇಳುವುದು ಆ ಸಂಖ್ಯೆಯನ್ನೇ.

ಬ್ಯಾಡಗಿ ಅಣ್ಣಾ, ಒಂದೇ ಕ್ಯೂನೆಟ್‌ಡಿ ಎಷ್ಟೋ ಕ್ಲಸ್ಟರ್‌ಗೆ ವೋಟ್ ಕೊಡಬಲ್ಲದು. ಕ್ಲಸ್ಟರ್ ಹೆಸರು ಮಾತ್ರ ಬೇರೆ ಬೇರೆ ಇರಬೇಕು.

ಬೆಟಗೇರಿ

ಆಗಬಹುದು ಬ್ಯಾಡಗಿಯವರೇ. ನಮ್ಮ ಕ್ಲಸ್ಟರ್‌ಗೂ ಮೂರನೇ ವೋಟ್ ಬೇಕು. ನಿಮ್ಮದಕ್ಕೆ ಗದಗದಲ್ಲಿ ನಾನು ಇಡುತ್ತೇನೆ, ನಮ್ಮದಕ್ಕೆ ಬ್ಯಾಡಗಿಯಲ್ಲಿ ನೀವು ಇಡಿ. ನಿಮ್ಮ ಕ್ಲಸ್ಟರ್ ಹೆಸರು ಏನಿಟ್ಟಿದ್ದೀರಿ ನೋಡಿ ಹೇಳಿ. ನಮ್ಮದು ಸೆಟಪ್ ಮಾಡುವಾಗ ‘ಮೈಕ್ಲಸ್ಟರ್’ ಅಂತಲೇ ಬಿಟ್ಟಿದ್ದಾರೆ.

ಬ್ಯಾಡಗಿ

ನಮ್ಮದೂ ಅದೇ ಇದೆ. ಬುಧವಾರ ಟೆಂಡರ್ ಇಲ್ಲ, ಅವತ್ತು ಸಂಜೆ ನಮ್ಮ ಕ್ಲಸ್ಟರ್ ನಿಲ್ಲಿಸಿ ಹೆಸರು ಬದಲಿಸುತ್ತೇನೆ. ಆದ ಮೇಲೆ ಇಲ್ಲೇ ಹಾಕುತ್ತೇನೆ.